ತಾನಾಗೇ ಬಂದ ನೀರು

ಪಿವಿಸಿ ಪೈಪು ಅಂಟಿಸುವ ಸಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದರೆ ಆ ವಾಸನೆ ಮೂಗಿಗಿಂತ ಮೊದಲು ಹಣೆಗೆ ಬಡಿಯುತ್ತದೆ. ಹಿರಿಯೂರಿನಲ್ಲಿ ಪೈಪು, ಮೋಟರಿನ ಅಂಗಡಿ ಇಟ್ಟು ಇಪ್ಪತ್ತು ವರ್ಷವಾದ ನನಗೆ ಅದು ಊದುಬತ್ತಿಯಷ್ಟೇ ಮಾಮೂಲು. ಆದರೆ ಹೋದ ವಾರ ಯಲ್ಲದಕೆರೆಯಿಂದ ಬಂದ ಹೆಂಗಸೊಬ್ಬರು ಸಣ್ಣ ಡಬ್ಬಿ ಕೇಳಿ, ಒಣಗಿದೆಯೇನೋ ಎಂದು ಅಲ್ಲೇ ಮುಚ್ಚಳ ತೆಗೆದು ಮೂಸಿ ನೋಡಿದಾಗ, ನನ್ನ ಕೈಲಿದ್ದ ಟೀ ಲೋಟ ತುಳುಕಿ ಅಂಗಿಯ ಮೇಲೆ ಚೆಲ್ಲಿತು. ಆಕೆ ಮೇಸ್ತ್ರಿಯ ಹೆಂಡತಿ. ಮೇಸ್ತ್ರಿ ಸತ್ತು ವರ್ಷವಾಗುತ್ತ ಬಂತು. ನಾನು ಆಕೆಗೆ ಹೇಳಬೇಕಾಗಿದ್ದ ಮಾತು ಮಾತ್ರ ಅದಕ್ಕಿಂತ ಹಳೆಯದು...

ಮೇಸ್ತ್ರಿ ಬೋರ್‌ವೆಲ್ ಮೋಟರು ಬಿಚ್ಚಿ ಕಟ್ಟುವವನು. ಕೈಕೆಲಸದಲ್ಲಿ ಅವನನ್ನು ಮೀರಿಸುವವರು ನಮ್ಮ ಸೀಮೆಯಲ್ಲಿರಲಿಲ್ಲ. ಅದೇ ಕೈ ಜನರ ಮೇಲೂ ಅಷ್ಟೇ ಸಲೀಸಾಗಿ ಹೋಗುತ್ತಿತ್ತು. ಹಳೇ ಬೇರಿಂಗಿಗೆ ಗ್ರೀಸು ಬಳಿದು ಹೊಸದೆಂದು ಕೊಟ್ಟವನೊಬ್ಬನ ತಲೆಯನ್ನು ಅವನದೇ ಗಲ್ಲಾಪೆಟ್ಟಿಗೆಗೆ ಜಜ್ಜಿದ್ದ. ರೇಗಿಸಿದ ಗಿರಾಕಿಯೊಬ್ಬನ ಎರಡು ಹಲ್ಲು ಉದುರಿಸಿದ್ದ. ಹೊಡೆಯಲು ಯಾರೂ ಸಿಗದ ದಿನ ಶೆಡ್ಡಿನ ಗೋಡೆಗೆ ಗುದ್ದುತ್ತಿದ್ದ, ಗೋಡೆಯಲ್ಲಿ ಎದೆಯ ಮಟ್ಟಕ್ಕೆ ಗುಳಿ ಬಿದ್ದಿತ್ತು. ಬೆರಳ ಗೆಣ್ಣುಗಳ ಮೇಲೆ ಸದಾ ಒಣಗಿದ ರಕ್ತ. ನಾನೋ, ಗ್ಯಾಸಿನ ನಾಬು ಮೂರು ಸಲ ಮುಟ್ಟಿ ನೋಡದೆ ಮಲಗದ ಪ್ರಾಣಿ. ಅವನು ಅಂಗಡಿಗೆ ಬಂದರೆ ಕೌಂಟರಿನ ಈಚೆಗೆ ಎರಡು ಹೆಜ್ಜೆ ಹಿಂದೆ ನಿಂತೇ ವ್ಯಾಪಾರ ಮಾಡುತ್ತಿದ್ದೆ. ಆದರೂ ಅವನಿಗೆ ನನ್ನ ಮೇಲೆ ಅದೇನೋ ಸಲಿಗೆ. ಹೆದರುವವನನ್ನು ಹೊಡೆಯುವುದರಲ್ಲಿ ಅವನಿಗೆ ರುಚಿ ಇರಲಿಲ್ಲವೆಂದು ಕಾಣುತ್ತದೆ.

ಹೆಂಡತಿಯ ಮೇಲೆ ಕೈ ಮಾಡಿದವನಲ್ಲ. ಆದರೆ ವರ್ಷಕ್ಕೆ ನಾಲ್ಕು ಸಲ ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕೂತು ಆಕೆಗೆ ಸಾಕಾಗಿತ್ತು. ಒಂದು ವರ್ಷ ಯಾರ ಮೇಲೂ ಕೈ ಎತ್ತದೆ ಇದ್ದು ತೋರಿಸು, ಆಮೇಲೆ ಬಂದು ಕರಿ ಎಂದು ಹೇಳಿ ಯಲ್ಲದಕೆರೆಯ ತವರಿಗೆ ಹೋದಳು. ಅವತ್ತು ಸಂಜೆ ಮೇಸ್ತ್ರಿ ನನ್ನ ಅಂಗಡಿಯಿಂದ ಮುಕ್ಕಾಲು ಇಂಚಿನ ಪೈಪೊಂದನ್ನು ಒಯ್ದು ಶೆಡ್ಡಿನ ಗೋಡೆಗೆ ನೇತುಹಾಕಿದ. ಕೈ ಎತ್ತದೆ ಕಳೆದ ಪ್ರತಿ ದಿನಕ್ಕೆ ಸಂಜೆ ಡ್ರಿಲ್ಲಿನಲ್ಲಿ ಒಂದು ತೂತು. ಇದೇನು ಹನಿ ನೀರಾವರಿಯೇ ಎಂದು ಕೇಳಿದೆ. ಪೂರ್ತಿ ಆದ ದಿನ ಇದರಲ್ಲೇ ಅವಳಿಗೆ ಮಲ್ಲಿಗೆ ಬಳ್ಳಿ ಬೆಳೆಸಿಕೊಡುತ್ತೇನೆ ಎಂದ. ನಕ್ಕಿದ್ದನ್ನು ನಾನು ಕಂಡದ್ದು ಆಗಲೇ ಮೊದಲು.

ಮಾರಿಕಣಿವೆ ಡ್ಯಾಮು ಕೋಡಿ ಬಿದ್ದ ಮರುವರ್ಷ. ಅಷ್ಟು ನೀರನ್ನು ಕಂಡಿದ್ದೇ ಇಲ್ಲದ ನಮ್ಮ ಜನಕ್ಕೆ ಆಗ ಒಂಥರಾ ಹುಚ್ಚು ಹಿಡಿದಿತ್ತು. ಚಿತ್ರದುರ್ಗದಲ್ಲಿ ಜೆಸಿಬಿ ಬಾಡಿಗೆಗೆ ಬಿಡುತ್ತಿದ್ದ ಒಬ್ಬ ಸಾಹುಕಾರ ಮಾಡದಕೆರೆ ಕಡೆಯ ಹಿನ್ನೀರಿನ ದಡದಲ್ಲಿ ಜಮೀನು ಹಿಡಿದು, ಗೋವಾದಿಂದ ಹಳೆಯ ವೇಕ್‌ಬೋರ್ಡ್ ಬೋಟೊಂದನ್ನು ಲಾರಿಯ ಮೇಲೆ ಹೇರಿಸಿ ತಂದ. ಬೋಟಿನ ಹಿಂದೆ ಹಗ್ಗ ಕಟ್ಟಿ, ಹಗ್ಗ ಹಿಡಿದವನನ್ನು ಹಲಗೆಯ ಮೇಲೆ ನಿಲ್ಲಿಸಿ ಎಳೆಯುತ್ತಾರೆ. ಬೋಟು ಎಬ್ಬಿಸುವ ಅಲೆಯ ಮೇಲಿಂದ ಅವನು ಹಾರಬೇಕು. ಅಲೆ ದೊಡ್ಡದಾಗಬೇಕಾದರೆ ಬೋಟು ಭಾರವಾಗಿ ನೀರಲ್ಲಿ ತಗ್ಗಬೇಕು. ಅದಕ್ಕೆಂದು ಸಾಹುಕಾರ ಒಳಗೆ ನೀರು ತುಂಬಿಸುವ ಮೂರು ದಪ್ಪ ರಬ್ಬರು ಚೀಲ ತರಿಸಿದ್ದ. ಪಂಪು, ವಾಲ್ವುಗಳಿಗೆ ನನ್ನ ಅಂಗಡಿಗೆ ಬಂದ. ಕೂರಿಸುವವರು ಯಾರಾದರೂ ಇದ್ದಾರೆಯೇ ಎಂದಾಗ ನಾನು ಮೇಸ್ತ್ರಿಯ ಹೆಸರು ಹೇಳಿದೆ. ಹೊಡೆದಾಟದ ಹೆಸರಿಂದ ಅವನಿಗೆ ಯಾರೂ ಕೆಲಸ ಕೊಡದ ಕಾಲ ಅದು. ಇನ್ನು ಜಗಳವಾಡುವುದಿಲ್ಲ, ಅದಕ್ಕೆ ನಾನು ಹೊಣೆ ಎಂದೂ ಹೇಳಿದೆ. ಹೇಳಿ ಮನೆಗೆ ಬಂದು ಬಿಪಿ ಮಾತ್ರೆ ಎರಡು ನುಂಗಿದೆ.

ಬೋಟಿನ ಕೆಲಸವೆಂದರೆ ಮೇಸ್ತ್ರಿ ಒಂದು ಚೂರೂ ಬೆದರಲಿಲ್ಲ.

“ಟ್ಯಾಕ್ಟ್ರು ಗಾಲಿಗೆ ನೀರು ತುಂಬ್ಸಲ್ವೇನ್ರಿ ತೂಕಕ್ಕೆ, ಅಂಗೇಯ ಇದು. ಗಾಲಿ ಬದ್ಲು ಚೀಲ ಐತೆ, ಅಷ್ಟೆ,” ಎಂದ.

ಮುಂದೆ ಒಂದು ಚೀಲ, ಹಿಂದೆ ಎಂಜಿನ್ನಿನ ಎಡಬಲಕ್ಕೆ ಎರಡು. ನೀರು ಒಳಗೆ ಬರಬೇಕಾದರೆ ಬೋಟಿನ ತಳಕ್ಕೇ ತೂತು ಹಾಕಬೇಕು. ಡ್ರಿಲ್ಲು ತಳ ಸೀಳಿ ಬಿಳಿ ಪುಡಿ ಹಾರಿದಾಗ ಸಾಹುಕಾರ ತನ್ನ ಹೊಟ್ಟೆಯನ್ನೇ ಕೊಯ್ದಂತೆ ಹಲ್ಲು ಕಚ್ಚಿಕೊಂಡು, ಬಾಯಿಗೆ ಬಂದದ್ದು ಬೈಯುತ್ತ ನಿಂತಿದ್ದ. ಅವನ ಬಾಮೈದ ಮೇಸ್ತ್ರಿಯ ಜಾತಿ, ತಾಯಿ, ಯಾವುದನ್ನೂ ಬಿಡಲಿಲ್ಲ. ಮೇಸ್ತ್ರಿಯ ಕತ್ತಿನ ನರ ಹಗ್ಗದಂತೆ ಉಬ್ಬಿ ಕುಣಿಯುತ್ತಿತ್ತು. ಬೋಟಿನಿಂದ ಇಳಿದು ಹೋಗಿ ಜಾಲಿ ಮರವೊಂದಕ್ಕೆ ಚರ್ಮ ಕಿತ್ತು ಬರುವವರೆಗೆ ಗುದ್ದಿ, ಕೈಗೆ ಬಟ್ಟೆ ಸುತ್ತಿಕೊಂಡು ಬಂದು ಮತ್ತೆ ಸ್ಪ್ಯಾನರು ಹಿಡಿದ. ಅವತ್ತೂ ಪೈಪಿಗೆ ಒಂದು ತೂತು ಬಿತ್ತು. ಮರ ಲೆಕ್ಕಕ್ಕಿಲ್ಲ ಎಂದ.

ತಳದ ತೂತಿನ ಬಾಯಿಗೆ ಕೆಂಪು ಹಿಡಿಯ ಹಿತ್ತಾಳೆ ವಾಲ್ವು ಕೂರಿಸಿದ್ದ. ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಸಾಹುಕಾರ ನೆಂಟರನ್ನು ಕರೆಸಿ ಬೋಟು ಓಡಿಸಿ ತೋರಿಸುವ ದಿನ ಬಂತು. ಬೋಟು ಎಷ್ಟು ತಗ್ಗುತ್ತದೆಂದು ಹೊರಗಿಂದ ನೋಡಲು ತಾನು ದಡದಲ್ಲೇ ಇರುತ್ತೇನೆಂದ ಮೇಸ್ತ್ರಿ, ಪಂಪಿನ ಸ್ವಿಚ್ಚುಗಳ ಹತ್ತಿರ ನನ್ನನ್ನು ಕೂರಿಸಿದ. ನನ್ನ ಮೊಣಕೈ ಹಿಡಿದು ಹೇಳಿದ:

“ಸಾಮಿ, ಚೀಲ ತುಂಬಿದ್ ಮ್ಯಾಲೆ ಮೊದ್ಲು ವಾಲ್ವು ಮುಚ್ಚಿ, ಆಮೇಲೆ ಸ್ವಿಚ್ಚು ಆರ್ಸಿ. ಬೋರಲ್ಲ ಇದು. ಇಲ್ಲಿ ನೀರು ತಾನಾಗೇ ಬತ್ತೈತೆ.”

ಹೂಂ ಅಂದೆ. ಕೇಳಿಸಿಕೊಂಡೆ ಕೂಡ... ಆದರೆ ಆರುನೂರು ಅಡಿ ಆಳದಿಂದ ನೀರೆತ್ತಿ ಬದುಕಿದವರು ನಾವು. ಸ್ವಿಚ್ಚು ಆರಿಸಿದರೆ ನೀರು ನಿಲ್ಲುತ್ತದೆ ಎನ್ನುವುದು ನಮಗೆ ಸೂರ್ಯ ಮುಳುಗಿದರೆ ಕತ್ತಲು ಎಂಬಷ್ಟು ನಿಜ. ನೀರು ಕರೆಯದೇ ಬರುತ್ತದೆಂದು ನನ್ನ ತಲೆ ನಂಬಿದರೂ ಕೈ ನಂಬಲಿಲ್ಲ. ಅವತ್ತು ಬೋಟಿನಲ್ಲಿ ಕೂತು ನಾನು ಏನೇನಕ್ಕೆ ಹೆದರಿದೆ ಎಂದರೆ, ಲೈಫ್ ಜಾಕೆಟ್ಟಿನ ಬಕಲ್ಲಿಗೆ, ಮೊಸಳೆಗೆ, ಬಿಸಿಲಿಗೆ, ಜೇಬಿನಲ್ಲಿದ್ದ ಮಾತ್ರೆ ನೆನೆಯುವುದಕ್ಕೆ. ಚೀಲ ತುಂಬಿದವು. ಮೂರು ಸ್ವಿಚ್ಚನ್ನೂ ಆರಿಸಿ, ಮೂರು ಸಲ ಮುಟ್ಟಿ ನೋಡಿ, ಕೆಲಸ ಮುಗಿಯಿತೆಂದು ನೆಮ್ಮದಿಯಾಗಿ ಕೂತೆ. ಜೀವನದಲ್ಲಿ ನೆಮ್ಮದಿಯಾಗಿ ಕೂತದ್ದು ಅದೊಂದೇ ಸಲ.

ಸಾಹುಕಾರನ ನೆಂಟರು ಫೋಟೋ ತೆಗೆದುಕೊಳ್ಳುತ್ತ ಅರ್ಧ ಗಂಟೆ ಕಳೆದರು. ಅಷ್ಟು ಹೊತ್ತೂ ತಳದಿಂದ ನೀರು ಸದ್ದಿಲ್ಲದೆ ಏರಿ, ಚೀಲ ಬಿರಿಯುವಂತಾಗಿ, ಪೈಪಿನ ಕೀಲು ಕಳಚಿ ಎಂಜಿನ್ನಿನ ಅಡಿಯಲ್ಲಿ ತುಂಬಿಕೊಳ್ಳುತ್ತಿತ್ತು. ಬಾಮೈದ ಹಗ್ಗ ಹಿಡಿದು ಹಲಗೆಯ ಮೇಲೆ ನೀರಿಗಿಳಿದ. ಸಾಹುಕಾರ ಬೋಟಿನ ಡ್ರೈವರನಿಗೆ ಎಕ್ಸಿಲರೇಟರು ಪೂರ್ತಿ ಒತ್ತು ಎಂದ. ಒತ್ತಿದ ಕ್ಷಣಕ್ಕೆ ಒಳಗಿನ ನೀರೆಲ್ಲ ಹಿಂದಕ್ಕೆ ನುಗ್ಗಿತು. ಬೋಟಿನ ಮೂತಿ ಆಕಾಶಕ್ಕೆ ನೆಟ್ಟಗಾಗಿ, ಹಿಂಭಾಗ ನೀರೊಳಕ್ಕೆ ಇಳಿಯಿತು. ಒಬ್ಬರ ಮೇಲೊಬ್ಬರು ಬಿದ್ದೆವು. ಯಾರದೋ ಹಿಮ್ಮಡಿ ನನ್ನ ಮೂಗಿಗೆ ಬಡಿಯಿತು, ಹೆಂಗಸೊಬ್ಬರ ಮುಂಗೈ ಕಂಬಿಗೆ ಸಿಕ್ಕಿ ಲಟಕ್ಕೆಂದಿತು. ಹಗ್ಗ ಜಗ್ಗಿದ ರಭಸಕ್ಕೆ ಹಲಗೆ ಎಗರಿ ಬಾಮೈದನ ಹುಬ್ಬು ಸೀಳಿತು. ದಡ ಹತ್ತಿರವಿದ್ದು, ಕೆಳಗೆ ಮುಳುಗಿದ ಹೊಲದ ಬದು ಸಿಕ್ಕಿದ್ದರಿಂದ ಯಾರೂ ಸಾಯಲಿಲ್ಲ.

ಮೊದಲು ನೀರಿಗೆ ಹಾರಿದವನು ಮೇಸ್ತ್ರಿ. ಹೆಂಗಸರನ್ನು ದಡಕ್ಕೆ ತಳ್ಳಿ, ಉಸಿರು ಕಟ್ಟಿ ಬೋಟಿನೊಳಗೆ ಮುಳುಗಿ, ತಡಕಿ ವಾಲ್ವು ಮುಚ್ಚಿದ. ಮೇಲೆದ್ದು ನನ್ನ ಪಕ್ಕದಲ್ಲೇ ಕಂಬಿ ಹಿಡಿದು ನೇತಾಡಿದ. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ:

“ತೆರ್ದೇ ಇತ್ತು.”

ದಡಕ್ಕೆ ಬಂದದ್ದೇ ಬಾಮೈದ ಹುಟ್ಟುಗೋಲು ಎತ್ತಿಕೊಂಡ. ಮುಖದ ತುಂಬ ರಕ್ತ. ಮೊದಲ ಏಟು ಮೇಸ್ತ್ರಿಯ ಹೆಗಲಿಗೆ, ಎರಡನೆಯದು ಕಿವಿಗೆ. ಮೇಸ್ತ್ರಿ ಕೈಗಳನ್ನು ಬೆನ್ನ ಹಿಂದೆ ಒಯ್ದು, ಒಂದು ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಂತ. ಮೊಣಕಾಲಿಗೆ ಬಿದ್ದಾಗ ಕುಸಿದು ಮತ್ತೆ ಎದ್ದ. ಸಾಹುಕಾರ ಕೂದಲು ಹಿಡಿದು ಮುಖವನ್ನು ಕಲ್ಲು ಮಣ್ಣಿಗೆ ಉಜ್ಜಿದ. ತುಟಿ ಒಡೆಯಿತು. ಮೇಸ್ತ್ರಿ ಹಿಡಿದ ಮಣಿಕಟ್ಟನ್ನು ಮಾತ್ರ ಬಿಡಲಿಲ್ಲ. ಹನ್ನೊಂದು ತಿಂಗಳು ಕಳೆದಿದ್ದವು, ಇನ್ನೊಂದೇ ತಿಂಗಳು ಬಾಕಿ ಎಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ತಪ್ಪು ಯಾರದೆಂದು ಗೊತ್ತಿದ್ದವರು ನಾವಿಬ್ಬರು. ‘ನಾನೇ’ ಎಂಬ ಎರಡಕ್ಷರ ನನ್ನ ಗಂಟಲಲ್ಲಿತ್ತು. ಹತ್ತು ಏಟು ಬೀಳುವವರೆಗೂ ಅಲ್ಲೇ ಇತ್ತು...

ಆಗ ಡ್ರೈವರು ಬಾಯಿಬಿಟ್ಟ. “ಸ್ವಿಚ್ ಹತ್ರ ಕುಂತಿದ್ದು ಈ ಪೈಪಂಗಡಿಯವ್ರು. ಅವ್ರನ್ನ ಕೇಳ್ರಿ.”

ಬಾಮೈದ ನನ್ನ ಕಡೆ ತಿರುಗಿದ. ಹುಟ್ಟುಗೋಲು ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ. ಏಟಿನ ಸದ್ದು ಬಂತು, ನೋವು ಬರಲಿಲ್ಲ. ಕಣ್ಣು ಬಿಟ್ಟರೆ ಬಾಮೈದ ನೆಲದಲ್ಲಿದ್ದ. ಅವನ ಕೆಳದವಡೆ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಮೇಸ್ತ್ರಿಯ ಕೈಯಲ್ಲಿ ಪೈಪು ರೆಂಚು. ಹನ್ನೊಂದು ತಿಂಗಳು ಒಳಗೇ ಕಟ್ಟಿಟ್ಟದ್ದೆಲ್ಲ ಆ ಕೈಗೆ ಇಳಿದಿತ್ತು. ಎರಡನೇ ಸಲ ಹೊಡೆದ. ಮೂರನೆಯದು ಮಣ್ಣಿಗೆ ಬಿದ್ದು ಕಲ್ಲಿನಿಂದ ಕಿಡಿ ಹಾರಿತು. ಅದು ತಲೆಗೆ ಬಿದ್ದಿದ್ದರೆ ಕೊಲೆಯೇ. ನಾಲ್ಕು ಜನ ಬಿದ್ದು ಅವನನ್ನು ಅದುಮಿ ಹಿಡಿದರು. ಮಣ್ಣಿಗೆ ಕೆನ್ನೆ ಒತ್ತಿ ಮಲಗಿ ನನ್ನನ್ನು ನೋಡಿದ. ಕೋಪವಿರಲಿಲ್ಲ. ತಪ್ಪಿದ ಬಸ್ಸು ತಿರುವಿನಲ್ಲಿ ಮರೆಯಾಗುವುದನ್ನು ನೋಡುವವನ ಮುಖ ಅದು.

ಪೊಲೀಸರಿಗೆ ನಾನು ಕೊಟ್ಟ ಹೇಳಿಕೆಯಲ್ಲಿ ವಾಲ್ವಿನ ಮಾತೇ ಬರಲಿಲ್ಲ. ಅವರು ಕೇಳಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಜಾಮೀನಿನ ಮೇಲೆ ಬಂದ ಮೇಸ್ತ್ರಿ ಯಲ್ಲದಕೆರೆಗೆ ಹೋಗಲಿಲ್ಲ, ಬೋರ್‌ವೆಲ್ ಲಾರಿಯೊಂದರ ಜೊತೆ ಆಂಧ್ರದ ಕಡೆ ಹೊರಟುಹೋದ. ಶೆಡ್ಡಿನ ಬಾಗಿಲಲ್ಲಿ ಆ ಪೈಪು ಬಿದ್ದಿತ್ತು. ತಂದು ಎಣಿಸಿದೆ. ಮುನ್ನೂರ ಮೂವತ್ತೇಳು ತೂತು. ಅಂಗಡಿಯ ಅಟ್ಟದ ಮೇಲಿಟ್ಟೆ. ಹೋದ ವರ್ಷ ಲಾರಿಯವರು ಸುದ್ದಿ ತಂದರು. ಬೋರಿಗೆ ಇಳಿಸುವ ಕೇಸಿಂಗ್ ಪೈಪಿನ ಸರಪಳಿ ತುಂಡಾಗಿ, ಪೈಪು ಮೇಸ್ತ್ರಿಯ ಎದೆಯ ಮೇಲೆ ಬಿತ್ತಂತೆ...

ಹೋದ ವಾರ ಅಂಗಿ ಒರೆಸಿಕೊಂಡು, ಗಿರಾಕಿಗಳು ಹೋಗಲೆಂದು ಕಾದು, ಆಕೆಗೆ ಎಲ್ಲ ಹೇಳಿದೆ. ವಾಲ್ವು ತೆರೆದು ಬಿಟ್ಟವನು ನಾನು ಎಂದೆ. ನನ್ನ ಮೇಲೆ ಬೀಳಬೇಕಿದ್ದ ಏಟಿಗೆ ಅಡ್ಡ ಬಂದು ಅವನ ವರ್ಷ ಕೆಟ್ಟಿತು, ಇನ್ನು ಇಪ್ಪತ್ತೆಂಟೇ ದಿನ ಉಳಿದಿತ್ತು ಎಂದೆ. ಅಟ್ಟದಿಂದ ಪೈಪು ಇಳಿಸಿ ಮುಂದಿಟ್ಟೆ. ಆಕೆ ಬೆರಳಿಂದ ಒಂದಷ್ಟು ತೂತು ಸವರಿದಳು. ಬೈಯುತ್ತಾಳೆ, ಡಬ್ಬಿಯಿಂದಲೇ ಹೊಡೆಯುತ್ತಾಳೆ ಎಂದುಕೊಂಡು, ನಿಜ ಹೇಳಬೇಕೆಂದರೆ ಸ್ವಲ್ಪ ಆಸೆಯಿಂದಲೇ, ಕಾದೆ. ಎರಡು ಹೆಜ್ಜೆ ಹಿಂದೆ ಸರಿಯಲಿಲ್ಲ.

“ಆರು ತಿಂಗ್ಳಿಗೇ ನಾನು ಲೆಕ್ಕ ಬಿಟ್ಟಿದ್ದೆ ಕಣ್ರಿ,” ಎಂದಳು. “ಬಂದು ಕರೀಲಿ ಅಂತ ಕಾಯ್ತಿದ್ದೆ. ನಾನಾಗೇ ಬರಬೋದಿತ್ತು. ಬರ್ಲಿಲ್ಲ.”

ಪೈಪು ಬೇಡವೆಂದಳು. ಡಬ್ಬಿಯನ್ನು ಸೆರಗಿನ ತುದಿಯಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದಳು. ಪೈಪು ಮತ್ತೆ ಅಟ್ಟ ಹತ್ತಿತು. ಮಾರುವಂತಿಲ್ಲ, ಎಸೆಯುವಂತಿಲ್ಲ. ಈಗಲೂ ಅಂಗಡಿ ಮುಚ್ಚುವಾಗ ಟ್ಯಾಂಕಿನ ವಾಲ್ವನ್ನು ಮೂರು ಸಲ ಮುಟ್ಟಿ ನೋಡುತ್ತೇನೆ. ಅಡ್ಡಕ್ಕೇ ಇರುತ್ತದೆ. ಇಷ್ಟು ಗಟ್ಟಿಯಾಗಿ ಮುಚ್ಚಿದ್ದೇನೆಂದು ತೋರಿಸಲು ಮೇಸ್ತ್ರಿ ಮಾತ್ರ ಇಲ್ಲ.