ಮಹಡಿ ಮನೆಯ ಖಾಲಿ ಲಕೋಟೆಗಳು

ಹಳೇ ಇಂಟರ್ನೆಟ್ ಪೆಟ್ಟಿಗೆಯೊಂದನ್ನು ಮೊನ್ನೆ ಅಟ್ಟದಿಂದ ಇಳಿಸಿದೆ. ಕರೆಂಟ್ ಕೊಟ್ಟು ನೋಡಿದಾಗ ಬೆಚ್ಚಗಾದ ಧೂಳಿನ ವಾಸನೆ ಬಂತು. ಮಹಡಿ ಮನೆಯ ಮೇಡಂ ನೆನಪಾದರು...

ಆಗ ಮರ್ಫಿ ಟೌನಿನಲ್ಲಿ ಕೇಬಲ್ ಟಿವಿ ಜೊತೆಗೆ ಇಂಟರ್ನೆಟ್ ಕೊಡಲು ಶುರು ಮಾಡಿದ್ದೆ. ಒಂದೇ ಲೈನ್ ತೆಗೆದುಕೊಂಡು ಈ ಪೆಟ್ಟಿಗೆಯ ಮೂಲಕ ಇಡೀ ಬೀದಿಗೆ ಹಂಚುತ್ತಿದ್ದೆ. ಮೇಡಂ ಕಲಬುರಗಿ ಕಡೆಯವರು, ನಮ್ಮ ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಇಂದಿರಾನಗರದ ಕಂಪನಿಯೊಂದರಲ್ಲಿ ಕೆಲಸ. ಹಾಸಿಗೆ ಹಿಡಿದ ತಾಯಿಗೆ ಅವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಮನೆಯಿಂದ ಆಫೀಸಿಗೆ ಕನೆಕ್ಟ್ ಆದರೆ ಸರಿ, ಇಲ್ಲದಿದ್ದರೆ ದಿನಾ ಬನ್ನಿ, ಆಗದಿದ್ದರೆ ಕೆಲಸ ಬಿಡಿ ಎಂದು ಆಫೀಸಿನವರು ಹೇಳಿಬಿಟ್ಟಿದ್ದರು. ಆ ಕನೆಕ್ಷನ್ನೇ ಆಗುತ್ತಿರಲಿಲ್ಲ.

"ಇಡೀ ಬೀದೀಗ್ ಬರ್ತಿದೆ, ನಿಮ್ಗೊಬ್ರಿಗೇ ಬರಲ್ವಾ ಮೇಡಂ?" ಎಂದು ಸಿಡುಕುತ್ತಲೇ ವೈರ್ ಬದಲಿಸಿದೆ.

"ನಿಮ್ಮ ವೈರಿಂದೇನೂ ತಪ್ಪಿಲ್ರೀ ಅಣ್ಣಾ" ಅಂದರು. "ನೆಟ್ಟಿನಾಗ ಹೋಗೋದೆಲ್ಲಾ ಲಕೋಟಿ ಇದ್ದಂಗ. ನಿಮ್ಮ ಪೆಟ್ಟಿಗಿ ಎಲ್ಲಾರ ಲಕೋಟಿ ಮ್ಯಾಲೂ ತನ್ನ ವಿಳಾಸ ಬರೀತದ. ನಂದು ಸೀಲ್ ಹಾಕಿದ್ದು. ವಿಳಾಸ ಬ್ಯಾರೆ ಆಗಿದ್ದು ನೋಡಿ ಆಫೀಸಿನ ಕಂಪ್ಯೂಟರ್, ಯಾರೋ ಕೈ ಹಾಕ್ಯಾರ ಅಂತ ಒಗದ್ಬಿಡ್ತದ. ತಿದ್ದಬೇಕಾಗಿದ್ದು ನಮ್ಮ ಕರ್ನಲ್."

ಕರ್ನಲ್ ಎಂದರೆ ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಪ್ರೋಗ್ರಾಂ ಎಂದು ಅವರೇ ಬಿಡಿಸಿ ಹೇಳಿದರು. ಅದನ್ನು ಬರೆಯುವುದೇ ಅವರ ಕೆಲಸವಾಗಿತ್ತು. ತಾಯಿಯ ಮಂಚದ ಪಕ್ಕ ಕೂತು ತಿದ್ದಿದರು.

"ನಾ ಇಲ್ಲಿ ಬಿದ್ದೀನಿ, ಇಕಿ ಆ ಡಬ್ಬಿ ಕೂಡ ಮಾತಾಡ್ತಾಳ. ನೀವಾದ್ರೂ ಬೈರಿ ಇಕಿಗಿ" ಎಂದು ಆ ತಾಯಿ ನನ್ನ ಹತ್ತಿರ ದೂರುತ್ತಿದ್ದರು.

ಸೀಲ್ ಹಾಕಿದ ಲಕೋಟೆಯನ್ನು ಇನ್ನೊಂದು ಸಾದಾ ಲಕೋಟೆಯೊಳಗಿಟ್ಟು ಕಳಿಸುವುದು ಅವರ ಉಪಾಯ. ಹೊರಗಿನದರ ಮೇಲೆ ಪೆಟ್ಟಿಗೆ ಏನು ಬರೆದರೂ ಒಳಗಿನ ಸೀಲ್ ಕೆಡುವುದಿಲ್ಲ. ಕನೆಕ್ಷನ್ ಸಿಕ್ಕಿತು. ಆದರೆ ತಾಯಿಗೆ ಗಂಜಿ ಕುಡಿಸಿ ಬರುವಷ್ಟರಲ್ಲಿ ಕಡಿದುಹೋಗುತ್ತಿತ್ತು. ಸ್ವಲ್ಪ ಹೊತ್ತು ಏನೂ ಹೋಗದಿದ್ದರೆ ನನ್ನ ಪೆಟ್ಟಿಗೆ ಅವರ ಮನೆಯ ದಾರಿಯನ್ನೇ ಮರೆಯುತ್ತಿತ್ತಂತೆ. ಕೆಲಸವಿಲ್ಲದಾಗಲೂ ಆಗಾಗ ಒಂದು ಖಾಲಿ ಲಕೋಟೆ ಹೋಗುವ ಹಾಗೆ ಮಾಡಿದರು.

"ಅದ್ರಲ್ಲಿ ಏನಿರತ್ತೆ ಮೇಡಂ?"

"ಏನೂ ಇಲ್ರೀ. ನಾ ಇಲ್ಲೇ ಅದೀನಿ ಅಂತ, ಅಷ್ಟ."

ತಾಯಿ ಹೋದದ್ದು ಒಂದು ಮಧ್ಯಾಹ್ನ. ಮಗಳ ಕೈ ಅವರ ಕೈಯಲ್ಲೇ ಇತ್ತು. ಲ್ಯಾಪ್‌ಟಾಪ್ ಪಕ್ಕದಲ್ಲಿ ತೆರೆದೇ ಇತ್ತು.

ಆಮೇಲೆ ಮೇಡಂ ಕೆ.ಆರ್. ಪುರಂಗೆ ಮನೆ ಬದಲಾಯಿಸಿದರು. ಸಂಜೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದರು. ನಾನೂ ಒಂದು ಕೊಡುತ್ತಿದ್ದೆ. ಇಬ್ಬರೂ ಎತ್ತುತ್ತಿರಲಿಲ್ಲ. ಎತ್ತಿ ಮಾತಾಡುವಂಥದ್ದೇನೂ ಇರಲಿಲ್ಲ... ಬರಬರುತ್ತ ವಾರಕ್ಕೊಮ್ಮೆಯಾಯಿತು. ಒಂದು ಸಲ ನಾನು ಕೊಟ್ಟದ್ದಕ್ಕೆ ತಿರುಗಿ ಬರಲಿಲ್ಲ. ಕೆಲಸ ಜಾಸ್ತಿ ಇರಬೇಕು ಅಂದುಕೊಂಡೆ. ಮೇಡಂ ತೀರಿಕೊಂಡ ಸುದ್ದಿಯನ್ನು ಎದುರು ಮನೆಯ ಓನರ್ ಹೇಳುವಾಗ ಮಣ್ಣಾಗಿ ಎಷ್ಟೋ ದಿನವಾಗಿತ್ತು. ಕೊನೆಗೆ ಅವರ ಪಕ್ಕ ಯಾರಿದ್ದರು ಎಂದು ಕೇಳಿದೆ. ಓನರಿಗೂ ಗೊತ್ತಿರಲಿಲ್ಲ.

"ಗುಜರಿಗೆ ಹಾಕ್ತೀರೋ ಇಲ್ವೋ ಆ ಪೆಟ್ಟಿಗೇನ?" ಎಂದಳು ನನ್ನ ಹೆಂಡತಿ.

"ಇರ್ಲಿ ಬಿಡು, ಸ್ವಲ್ಪ ಹೊತ್ತು" ಅಂದೆ.

ಪೆಟ್ಟಿಗೆಗೆ ಈಗ ಯಾವ ಮನೆಯ ವೈರೂ ಇಲ್ಲ. ಮೇಡಂ ಮನೆಯ ದಾರಿಯನ್ನು ಅದು ಎಂದೋ ಮರೆತಿರುತ್ತದೆ, ಗೊತ್ತು. ಆದರೂ ಆ ದಿನವೆಲ್ಲ ಅದನ್ನು ಆಫ್ ಮಾಡಲು ಮನಸ್ಸಾಗಲಿಲ್ಲ.