ಕಾರ್ಬ್ಯುರೇಟರ್ ದೊಡ್ಡಪ್ಪನ ಹೆಬ್ಬೆರಳು

ನಾಲ್ಕು ದಿನ ಒಂದೇ ಒಂದು ಅಂಕಿ ನನ್ನ ತಲೆ ಕೊರೆಯಿತು. ಹಾಲು ಕಾಯಿಸುವಾಗ, ರಸ್ತೆ ದಾಟುವಾಗ, ಮಗಳ ಹಣೆ ಮುಟ್ಟಿ ಜ್ವರ ನೋಡುವಾಗ ಅದು ಎದುರಿಗೆ ಬಂದು ನಿಲ್ಲುತ್ತಿತ್ತು. (ಜ್ವರ ಇರಲಿಲ್ಲ. ಆದರೂ ನೋಡುತ್ತಿದ್ದೆ.) ಒಂಬತ್ತು ಎಂದು ನಾನು ಓದಿ ಹೇಳಿದ್ದು ನಿಜಕ್ಕೂ ಆರಾಗಿದ್ದರೆ? ನಾನು ಓದಿದ್ದನ್ನು ನಂಬಿ ದೊಡ್ಡಪ್ಪ ತಮ್ಮ ಕೈಯನ್ನೇ ನಂಬುವುದು ಬಿಟ್ಟಿದ್ದರು. ವಾರ ಕಳೆಯುವುದರೊಳಗೆ ಅವರ ಬೆಂಚು ಬೇರೆಯವರ ಪಾಲಾಗಲಿತ್ತು.

ದೊಡ್ಡಪ್ಪ ಎಂದರೆ ನನ್ನ ಅಪ್ಪನ ಅಣ್ಣ. ವಯಸ್ಸು ಅರವತ್ತೆಂಟು. ನನಗಷ್ಟೇ ಅಲ್ಲ, ಊರಿನ ಅರ್ಧದಷ್ಟು ಗ್ಯಾರೇಜುಗಳಿಗೂ ಅವರು ದೊಡ್ಡಪ್ಪನೇ. ಹದಿನೇಳನೇ ವಯಸ್ಸಿಗೆ ಬಸ್ ಡಿಪೋ ಹಿಂದಿನ ದೊಡ್ಡ ಗ್ಯಾರೇಜೊಂದಕ್ಕೆ ಸೇರಿದರು. ಬೆರಳು ತೆಳ್ಳಗಿವೆ ಎನ್ನುವ ಒಂದೇ ಕಾರಣಕ್ಕೆ ಮೇಸ್ತ್ರಿ ಅವರನ್ನು ಕಾರ್ಬ್ಯುರೇಟರ್ ಬೆಂಚಿಗೆ ಕೂರಿಸಿದ. ಎಂಜಿನಿಗೆ ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಉಣಿಸುವ, ಎರಡು ಅಂಗೈ ಜೋಡಿಸಿದರೆ ಹಿಡಿಯುವಷ್ಟು ದೊಡ್ಡ ಲೋಹದ ವಸ್ತು ಅದು. ಮೂವತ್ತಾರು ವರ್ಷ ಅವರು ಅದನ್ನೇ ಬಿಚ್ಚಿದರು, ತೊಳೆದರು, ಜೋಡಿಸಿದರು. ಆಮೇಲೆ ಕಾರ್ಬ್ಯುರೇಟರೇ ಇಲ್ಲದ ಕಾರುಗಳು ಬಂದವು. ಮಾಲೀಕರು ಮರ್ಯಾದೆಯಿಂದಲೇ ಅವರನ್ನು ಟೈರಿಗೆ ಗಾಳಿ ತುಂಬುವ ಕಡೆ ಹಾಕಿದರು. "ಪೆಟ್ರೋಲ್ ಇಲ್ಲದ ಬರೀ ಗಾಳಿ ನನಗೆ ಒಗ್ಗಲ್ಲ" ಎಂದು ಮೂರನೇ ತಿಂಗಳು ಕೆಲಸ ಬಿಟ್ಟು ಮನೆಗೆ ಬಂದರು.

ಮನೆಯ ಹಿಂದೆ ಬಟ್ಟೆ ಒಗೆಯುವ ಕೋಣೆಯಿತ್ತು. ಅದರ ಅರ್ಧಭಾಗ ದೊಡ್ಡಮ್ಮನದಾಗಿಯೇ ಉಳಿಯಿತು, ಕಿಟಕಿ ಇರುವ ಅರ್ಧ ದೊಡ್ಡಪ್ಪನದಾಯಿತು. ಅಲ್ಲಿ ಒಂದು ಮರದ ಬೆಂಚು, ಬಿಡಿಭಾಗ ಕಚ್ಚಿ ಹಿಡಿಯಲು ಅದಕ್ಕೆ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಹಿಡಿಕಟ್ಟು, ಒಂದು ಭೂತಗನ್ನಡಿ, ಒಂದು ಗಟ್ಟಿ ರಟ್ಟಿನ ಪುಸ್ತಕ. ಮೊದಮೊದಲು ಯಾರೂ ಬರಲಿಲ್ಲ. ಆಮೇಲೆ ಹಳೆ ಕಾರಿನ ಹುಚ್ಚಿನವರು ಬರತೊಡಗಿದರು. ಐವತ್ತು ವರ್ಷದ ಹಿಂದಿನ, ದೊಡ್ಡ ಎಂಜಿನಿನ, ಗುಟುರು ಹಾಕುವ ಮಸಲ್ ಕಾರುಗಳನ್ನು ತುಕ್ಕಿನಿಂದ ಎಬ್ಬಿಸಿ ಹುಟ್ಟಿದ ದಿನದಂತೆ ನಿಲ್ಲಿಸುವ ಹಟ ಇವರದು. ಕಾರು ಓಡಿದರೆ ಇವರಿಗೆ ಸಾಲದು. ಅದರ ಮೇಲಿರುವ ಕಾರ್ಬ್ಯುರೇಟರ್ ಕಾರ್ಖಾನೆಯಲ್ಲೇ ಕೂರಿಸಿದ್ದೋ, ಅಲ್ಲವೋ, ಅದು ಗೊತ್ತಾಗಬೇಕು.

ದೊಡ್ಡಪ್ಪನ ಬಳಿ ಅದಕ್ಕೆ ಮೂರೇ ಉತ್ತರ. ಕಾರಿನ ಜೊತೆಯೇ ಹುಟ್ಟಿದ್ದಾದರೆ 'ಮನೆಮಗ'. ಅದೇ ನಮೂನೆಯದು, ಆದರೆ ಎಲ್ಲಿಂದಲೋ ತಂದು ಆಮೇಲೆ ಕೂರಿಸಿದ್ದಾದರೆ 'ದತ್ತು'. ಹಳೆಯ ಅಂಕಿ ಉಜ್ಜಿ ತೆಗೆದು ಹೊಸ ಅಂಕಿ ಹೊಡೆದದ್ದಾದರೆ 'ವೇಷಗಾರ'. ದತ್ತಿನ ಮೇಲೆ ಅವರಿಗೇನೂ ಸಿಟ್ಟಿಲ್ಲ. "ಅದೇನು ತಪ್ಪು ಮಾಡಿದೆ? ಚೆನ್ನಾಗೇ ಸಾಕಿರ್ತಾರೆ. ಹೊಟ್ಟೇಲಿ ಹುಟ್ಟಿದ್ದು ಅಂತ ಸುಳ್ಳು ಹೇಳಬಾರದು, ಅಷ್ಟೆ" ಎನ್ನುತ್ತಿದ್ದರು.

ಪರೀಕ್ಷೆಗೆ ಮೊದಲು ಸೋಪು ಹಾಕಿ ಕೈ ತೊಳೆಯುತ್ತಾರೆ. ಆಮೇಲೆ ಕಣ್ಣು ಮುಚ್ಚಿಕೊಂಡು, ಕಾರ್ಬ್ಯುರೇಟರಿನ ಕತ್ತಿನ ಮೇಲೆ ಹೊಡೆದ ಅಂಕಿಗಳ ಮೇಲೆ ಹೆಬ್ಬೆರಳಿನ ಉಗುರು ಆಡಿಸುತ್ತಾರೆ. ಮೊದಲು ಅಂಕಿ ಹೊಡೆದು ಆಮೇಲೆ ಹೊಂಬಣ್ಣದ ಲೇಪ ಕೊಟ್ಟಿದ್ದರೆ ಅಂಚು ನುಣುಪಾಗಿರುತ್ತದೆ, ಅಂಕಿಯ ತಳಕ್ಕೂ ಬಣ್ಣ ಇಳಿದಿರುತ್ತದೆ. ವೇಷಗಾರನ ಅಂಕಿ ಉಗುರಿಗೆ ತರಚುತ್ತದೆ, ತಳದಲ್ಲಿ ಬೆತ್ತಲೆಯಾಗಿ ಹೊಳೆಯುತ್ತದೆ. ಫೋಟೋ ಕಳಿಸುತ್ತೇವೆ ಎಂದವರಿಗೆ ಅವರದ್ದು ಒಂದೇ ಮಾತು: "ಫೋಟೋದಲ್ಲಿ ಅಂಕಿ ಕಾಣುತ್ತೆ, ಅಂಕಿ ಆಳ ಕಾಣಲ್ಲ. ತಗೊಂಡ್ ಬನ್ನಿ."

"ನಲವತ್ತು ವರ್ಷದಲ್ಲಿ ನನ್ನ ಮುಖಾನ ಇಷ್ಟು ಹತ್ತಿರದಿಂದ ನೋಡಿಲ್ಲ ಈ ಮನುಷ್ಯ" ಎಂದು ದೊಡ್ಡಮ್ಮ ಬಟ್ಟೆ ಹಿಂಡುತ್ತಾ ಹೇಳುತ್ತಾರೆ.

"ನಿನ್ನ ಮೇಲೆ ನಂಬರ್ ಎಲ್ಲಿದೆ ನೋಡೋಕೆ?"

"ಇದ್ದಿದ್ರೂ ದತ್ತು ಅಂತ ಬರ್ಕೋತಿದ್ರಿ."

ನೋಡಿದ್ದನ್ನೆಲ್ಲ ಅವರು ಆ ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಾರೆ, ಅದೂ ಕನ್ನಡ ಅಂಕಿಗಳಲ್ಲಿ. ಗ್ಯಾರೇಜಿನ ದಿನಗಳಿಂದ ಬಂದ ರೂಢಿ ಅದು. ಪಕ್ಕದ ಬೆಂಚಿನವರು ಕದ್ದು ನೋಡಿದರೂ ಯಾವ ಕಾರಿಗೆ ಯಾವ ಅಳತೆಯ ಜೆಟ್ಟು, ಅಂದರೆ ಪೆಟ್ರೋಲ್ ಹಾಯುವ ತೂತಿನ ತಿರುಪು, ಹಾಕಿದರು ಎನ್ನುವುದು ತಿಳಿಯಬಾರದು ಎಂದು ಶುರು ಮಾಡಿದ್ದಂತೆ. ಪಕ್ಕದ ಬೆಂಚಿನವರಿಗೆ ತಿಳಿಯಲಿಲ್ಲ, ಸರಿ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನನಗೂ ಸರಿಯಾಗಿ ತಿಳಿದಿರಲಿಲ್ಲ ಎನ್ನುವುದು ನನಗೇ ಗೊತ್ತಿರಲಿಲ್ಲ.

ನಾಲ್ಕು ವರ್ಷದಿಂದ ಅವರ ಪತ್ರಗಳನ್ನು ಟೈಪು ಮಾಡಿ ಕಳಿಸುವವಳು ನಾನು. ಅದು ದೊಡ್ಡ ಕೆಲಸವೇನಲ್ಲ. ತೀರ್ಪನ್ನು ಅವರೇ ಅಕ್ಷರದಲ್ಲಿ ಬರೆದಿರುತ್ತಾರೆ, ನಾನು ಅದಕ್ಕೆ ಎರಡು ಸಾಲು ಸೇರಿಸುತ್ತೇನೆ. ಪತ್ರದಲ್ಲಿ ಅಂಕಿ ಹಾಕುವಂತಿಲ್ಲ. ಹಾಕಿದರೆ ಮುಂದಿನ ವೇಷಗಾರನಿಗೆ ಪಾಠ ಹೇಳಿಕೊಟ್ಟ ಹಾಗೆ ಎನ್ನುವುದು ಅವರ ವಾದ.

ಈ ಸಲ ಬಂದವರು ಒಬ್ಬ ಹಲ್ಲಿನ ಡಾಕ್ಟರ್. ಎಂಟು ಸಿಲಿಂಡರಿನ ಹಳೆ ಕಾರೊಂದನ್ನು ಕೊಂಡು ಎರಡು ವರ್ಷದಿಂದ ಅದರ ಹಿಂದೆ ಬಿದ್ದಿದ್ದರು. ಕಾರ್ಬ್ಯುರೇಟರನ್ನು ಕ್ಲಿನಿಕ್ಕಿನ ಹಸಿರು ಬಟ್ಟೆಯಲ್ಲಿ ಸುತ್ತಿ ತಂದಿದ್ದರು.

"ನಾಲ್ಕು ಬಾಯಿ ಇದೆ ಸಾರ್ ಇದಕ್ಕೆ" ಎಂದರು ದೊಡ್ಡಪ್ಪ, ಗಾಳಿ ಒಳಹೋಗುವ ನಾಲ್ಕು ತೂತುಗಳನ್ನು ತೋರಿಸಿ. "ನಿಮಗೆ ಒಂದೊಂದೇ ನೋಡಿ ಅಭ್ಯಾಸ."

"ನೀವೇ ನೋಡಿ. ಹುಳುಕಿದ್ರೆ ಮುಚ್ಚಿಡಬೇಡಿ."

ನಾನು ಅಂದು ಅಲ್ಲೇ ಇದ್ದೆ. ಮಗಳು ಪೆಟ್ರೋಲಿನ ಡಬ್ಬಿ ಮುಟ್ಟದ ಹಾಗೆ ಅವಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ದೊಡ್ಡಪ್ಪ ಉಗುರು ಆಡಿಸಿದರು, ಮೂಸಿದರು, ತಿರುಗಿಸಿ ಕೆಳಗಿನ ನಾಲ್ಕು ಬೋಲ್ಟುಗಳ ವಾಷರ್ ಒತ್ತಿದ ಗುರುತು ಒಂದೊಂದೇ ಇದೆಯೇ ಎಂದು ನೋಡಿದರು. "ಇದು ಬೇರೆ ಮನೆ ನೀರು ಕುಡಿದೇ ಇಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆದರೆ ತೀರ್ಪು ಬರೆಯಲಿಲ್ಲ. ಕಾರಿನ ಬಾಗಿಲ ಪಟ್ಟಿಯ ಮೇಲೆ ಅದು ತಯಾರಾದ ತಿಂಗಳು ಇರುತ್ತದೆ, ಆ ಪಟ್ಟಿಯ ಮೇಲೆ ಯಾರೋ ಬಣ್ಣ ಬಳಿದಿದ್ದರು. ಬಣ್ಣ ಕೆರೆದು ತಿಂಗಳು ತಿಳಿಸುತ್ತೇನೆ ಎಂದು ಡಾಕ್ಟರು ಕಾರ್ಬ್ಯುರೇಟರ್ ಸಮೇತ ಹೊರಟರು. ದೊಡ್ಡಪ್ಪ ಪುಸ್ತಕದಲ್ಲಿ ಮೂರು ಅಂಕಿ ಬರೆದು, ತೀರ್ಪಿನ ಜಾಗ ಖಾಲಿ ಬಿಟ್ಟರು.

ಮರುವಾರ ಅವರ ಎರಡೂ ಕಣ್ಣಿನ ಪೊರೆ ತೆಗೆಸುವುದಿತ್ತು. ಒಂದು ಆಯಿತು, ಅದಕ್ಕೆ ಪಟ್ಟಿ. ಇನ್ನೊಂದು ಮೊದಲಿನಿಂದಲೂ ಮಂಜು. ಹಾಗಿರುವಾಗ ಹಲ್ಲಿನ ಡಾಕ್ಟರಿಂದ ನನ್ನ ಫೋನಿಗೆ ಸುದ್ದಿ ಬಂತು: ಕಾರು ತಯಾರಾದದ್ದು ಅರವತ್ತೊಂಬತ್ತರ ಆಗಸ್ಟಿನಲ್ಲಿ. ನಾನು ಹೋಗಿ ದೊಡ್ಡಪ್ಪನಿಗೆ ಹೇಳಿದೆ.

"ಪುಸ್ತಕ ತೆಗಿ. ಅಂಕಿ ಓದು."

"ಒಂಬತ್ತು. ಒಂಬತ್ತು. ಮೂರು."

ಮೊದಲನೆಯದು ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು, ಮೂರನೆಯದು ವಾರ. ಅಷ್ಟು ನನಗೂ ಗೊತ್ತಿತ್ತು.

"ಇನ್ನೊಂದ್ಸಲ ಓದು."

"ಒಂಬತ್ತು, ಒಂಬತ್ತು, ಮೂರು ದೊಡ್ಡಪ್ಪ."

ಅಂಕಿಗಳನ್ನು ಅವರು ನೆನಪಿಟ್ಟುಕೊಳ್ಳುವುದಿಲ್ಲ, ಅದಕ್ಕೇ ಆ ಪುಸ್ತಕ. "ಸೆಪ್ಟೆಂಬರಲ್ಲಿ ಹುಟ್ಟಿದ್ದು ಆಗಸ್ಟಲ್ಲಿ ಹುಟ್ಟಿದ ಕಾರಿನ ಮೇಲೆ ಹೇಗೆ ಕೂರುತ್ತೆ? ಬರಿ. ದತ್ತು." ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದುಕೊಂಡಿದ್ದರು. "ಮುಟ್ಟಿದಾಗ ಮನೆಮಗ ಅಂತ್ಲೇ ಅನ್ನಿಸ್ತು ನನಗೆ. ಮೈಯೆಲ್ಲ ಅದನ್ನೇ ಹೇಳ್ತಿತ್ತು."

ನಾನು ಬರೆದೆ. ಕಳಿಸಿದೆ. ಡಾಕ್ಟರು "ಸರಿ, ಬೇರೆ ಹುಡುಕುತ್ತೇನೆ" ಎಂದು ಉತ್ತರಿಸಿದರು.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ದೊಡ್ಡಪ್ಪ ಬೆಂಚಿನ ಹತ್ತಿರ ಹೋಗಲಿಲ್ಲ. ಪತ್ರ ಬರೆಯಲೆಂದು ತಂದ ಪುಸ್ತಕ ಹೇಗೂ ನನ್ನ ಬಳಿಯೇ ಉಳಿದಿತ್ತು, ಕೇಳಲೂ ಇಲ್ಲ. ಬಂದ ಇಬ್ಬರನ್ನು ಬಾಗಿಲಲ್ಲೇ ವಾಪಸು ಕಳಿಸಿದರು. "ಕಣ್ಣು ಹೋದ್ರೆ ಡಾಕ್ಟರ್ ಇದಾರೆ. ಕೈ ಸುಳ್ಳು ಹೇಳೋಕೆ ಶುರು ಮಾಡಿದ್ರೆ ಯಾರ ಹತ್ರ ಹೋಗೋದು?" ಎಂದರಂತೆ. ಬೆಂಚು, ಹಿಡಿಕಟ್ಟು, ಸಾಮಾನೆಲ್ಲ ರಸ್ತೆ ತುದಿಯ ಸ್ಕೂಟರ್ ರಿಪೇರಿಯವನಿಗೆ ಸುಮ್ಮನೆ ಕೊಡುವುದೆಂದು ತೀರ್ಮಾನವಾಯಿತು. ಫೋನಿನಲ್ಲಿ ಇದನ್ನು ಹೇಳಿದ ದೊಡ್ಡಮ್ಮ ಕೊನೆಗೆ, "ಕಿಟಕಿ ಪಕ್ಕ ಬಟ್ಟೆ ಒಣಗಿಸೋಕೆ ಜಾಗ ಆಯ್ತು ಬಿಡು" ಎಂದರು. ನಗುವಿನ ಧ್ವನಿ ಇರಲಿಲ್ಲ.

ಆ ಸೋಮವಾರ ಮಗಳ ಕನ್ನಡ ಕಾಪಿ ಪುಸ್ತಕ ಶಾಲೆಯಿಂದ ಬಂತು. ಒಂದನೇ ತರಗತಿ, ಒಂದರಿಂದ ಹತ್ತರವರೆಗೆ ಅಂಕಿ ಬರೆಯುವ ಮನೆಗೆಲಸ. ಹಿಂದಿನ ವಾರ ಅವಳು ಬರೆದದ್ದನ್ನು ನಾನು ಕೂತು ತಿದ್ದಿದ್ದೆ, ಆರರ ಜಾಗದಲ್ಲಿ ಒಂಬತ್ತು ಬರೆದಿದ್ದೀಯ ಎಂದು ಗದರಿಯೂ ಇದ್ದೆ. ಟೀಚರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ತಾಯಿಯವರ ಗಮನಕ್ಕೆ. ಮಗು ಬರೆದದ್ದೇ ಸರಿ.'

"ನಾನು ಹೇಳ್ಲಿಲ್ವಾ?" ಎಂದಳು ಮಗಳು. "ಇದು ಆರು, ಇದು ಒಂಬತ್ತು. ಬಾಲ ನೋಡು ಅಮ್ಮ. ಬಾಲ ಬೇರೆ ಬೇರೆ ಕಡೆಗೆ ಹೋಗುತ್ತೆ."

೬. ೯. ನೋಡಿದೆ. ಕಪಾಟಿನಿಂದ ದೊಡ್ಡಪ್ಪನ ಪುಸ್ತಕ ತೆಗೆದೆ. ಹಲ್ಲಿನ ಡಾಕ್ಟರ ಸಾಲಿನಲ್ಲಿದ್ದದ್ದು ೯೯೩ ಅಲ್ಲ, ೯೬೩. ಮಂಜುಗಣ್ಣಲ್ಲಿ ಬರೆದ ಆ ಆರು ಸ್ವಲ್ಪ ಎಡವಿತ್ತು ಎಂದು ಬೇಕಾದರೆ ಹೇಳಬಹುದು. ಆದರೆ ಅದೇ ಪುಟದಲ್ಲಿ ಇನ್ನೂ ನಾಲ್ಕು ಆರುಗಳು ನೆಟ್ಟಗೆ ನಿಂತಿದ್ದವು.

ಮಂಗಳವಾರ ನನ್ನ ಗಂಡನಿಗೆ ಹೇಳಿದೆ. ಅವರು ಎರಡೂ ಅಂಕಿಗಳನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಅವರೂ ನನ್ನಂಥದೇ ಶಾಲೆಯವರು. "ಫೋನ್ ಮಾಡಿ ಹೇಳು. ಒಂದು ಅಂಕಿ ತಾನೆ?" ಎಂದರು.

ಒಂದೇ ಅಂಕಿ. ಆದರೆ ಹೇಳುವುದು ಹೇಗೆ? ದೊಡ್ಡಪ್ಪ ಕಳಿಸಿದ ಪತ್ರ ತಪ್ಪು ಎಂದು ಇವತ್ತಿನವರೆಗೆ ಯಾರೂ ಹೇಳಿದ್ದಿಲ್ಲ, ಮೊದಲ ತಪ್ಪು ನನ್ನಿಂದಾಯಿತು ಎನ್ನಲೇ? ಈಗಲೂ ನಾನೇ ತಪ್ಪು ಓದುತ್ತಿದ್ದರೆ? ಸುಮ್ಮನೆ ಆಸೆ ಹುಟ್ಟಿಸಿ ಮತ್ತೆ ಕಿತ್ತುಕೊಂಡ ಹಾಗಾಗುವುದಿಲ್ಲವೇ? ಬುಧವಾರ ಮಗಳಿಗೆ ಕೆಮ್ಮು ಎಂಬ ನೆಪ ಸಿಕ್ಕಿತು. ಎರಡು ಸಲ ಕೆಮ್ಮಿದ್ದಳು. ಅಂದು ಸಂಜೆ ಹಲ್ಲಿನ ಡಾಕ್ಟರಿಗೆ ಸಂದೇಶ ಕಳಿಸಿದೆ: ಕಾರ್ಬ್ಯುರೇಟರಿನ ಕತ್ತಿನ ಮೇಲಿನ ಅಂಕಿಯ ಒಂದು ಫೋಟೋ ಬೇಕಿತ್ತು. ಗುರುವಾರ ಮಧ್ಯಾಹ್ನ ಬಂತು. ಲೋಹದ ಮೇಲಿರುವುದು ಇಂಗ್ಲಿಷ್ ಅಂಕಿ, ಅದು ನನಗೆ ಚೆನ್ನಾಗಿ ಬರುತ್ತದೆ. ಒಂಬತ್ತು, ಆರು, ಮೂರು.

ಮಗಳು ಮಲಗಿದ್ದಳು. ಅಡುಗೆಮನೆಯ ಬಾಗಿಲು ಹಾಕಿಕೊಂಡು ಫೋನ್ ಮಾಡಿದೆ.

"ಏನಮ್ಮಾ, ಮಗು ಹುಷಾರಾ?" ದೊಡ್ಡಪ್ಪನೇ ಎತ್ತಿದರು. ಹಿಂದೆ ಯಾರೋ ಕಬ್ಬಿಣಕ್ಕೆ ಕುಟ್ಟುತ್ತಿದ್ದರು.

"ಹುಷಾರು. ದೊಡ್ಡಪ್ಪ, ಅದು ಆರು."

"ಏನು ಆರು? ಗಂಟೆ ಇನ್ನೂ ಮೂರೂವರೆ."

"ಹಲ್ಲಿನ ಡಾಕ್ಟರ್‌ದು. ನಾನು ಒಂಬತ್ತು ಅಂದೆನಲ್ಲ, ಅದು ಒಂಬತ್ತಲ್ಲ, ಆರು. ನೀವು ಸರಿಯಾಗೇ ಬರೆದಿದ್ರಿ. ನನಗೆ ಕನ್ನಡ ಅಂಕಿ ಬರಲ್ಲ ದೊಡ್ಡಪ್ಪ. ಬರುತ್ತೆ ಅಂತ ಅಂದ್ಕೊಂಡಿದ್ದೆ."

ಅವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ ಸದ್ದಾಯಿತು.

"ಆರು ಅಂದ್ರೆ ಜೂನು" ಎಂದರು.

"ಹೌದು. ಫೋಟೋ ತರಿಸಿ ನೋಡಿದೀನಿ."

"ಜೂನ್ ಮೂರನೇ ವಾರ. ಕಾರು ಆಗಸ್ಟು." ಬಾಯಲ್ಲೇ ಏನೋ ಎಣಿಸಿದರು. "ಸರಿಹೋಯ್ತಲ್ಲ. ಹಾಗಾದ್ರೆ ನಾನು ಮುಟ್ಟಿದಾಗ..."

"ನಿಮಗೆ ಅನ್ನಿಸಿದ್ದೇ ಸರಿ."

"ತಡಿ. ಹಿಂದಿನ ಪತ್ರಗಳು? ಅವನ್ನೂ ಹೀಗೇ ಓದಿದೀಯಾ?"

"ಇಲ್ಲ, ಅವಕ್ಕೆಲ್ಲ ನೀವೇ ಅಕ್ಷರದಲ್ಲಿ ತೀರ್ಪು ಬರೆದಿದ್ರಿ. ಅಂಕಿ ಓದಿ ಹೇಳಿದ್ದು ಇದೊಂದೇ."

"ಅಷ್ಟು ದೊಡ್ಡ ಶಾಲೆ. ಹತ್ತರವರೆಗೆ ಎಣಿಸೋದು ಹೇಳಿಕೊಡ್ಲಿಲ್ವಾ?" ಧ್ವನಿಯಲ್ಲಿ ಸಿಟ್ಟಿತ್ತು. "ಇವತ್ತೇ ಪತ್ರ ಬರಿ. ಮೊದಲಿನದು ತಪ್ಪು, ಇದು ಮನೆಮಗ ಅಂತ ಬರಿ. ಯಾರ ತಪ್ಪು ಅಂತ ಬರೀಬೇಡ. ಕೇಳಿದ್ರೆ ನನ್ನ ಹತ್ರ ಕಳಿಸು."

"ಇಲ್ಲ, ನನ್ನದು ಅಂತಾನೇ ಬರೀತೀನಿ."

"ಏನಾದ್ರೂ ಬರ್ಕೋ. ಒಂದು ನಿಮಿಷ ಇರು."

ಫೋನನ್ನು ಎಲ್ಲೋ ಇಟ್ಟರು, ಕತ್ತರಿಸಲಿಲ್ಲ. ಅವರ ಚಪ್ಪಲಿಯ ಸದ್ದು ದೂರ ಹೋಯಿತು.

"ಏ, ಆ ಹಿಡಿಕಟ್ಟಿನ ಬೋಲ್ಟು ಬಿಚ್ಚಬೇಡ. ಬಿಚ್ಚಿರೋದನ್ನ ವಾಪಸ್ ಹಾಕು."

"ಅಯ್ಯೋ, ನೀವೇ ತಗೊಂಡ್ ಹೋಗು ಅಂದ್ರಲ್ಲ?" ಅದು ಸ್ಕೂಟರ್ ರಿಪೇರಿಯವನ ಧ್ವನಿ.

"ಅಂದಿದ್ದೆ. ಈಗ ಹಾಕು ಅಂತಿದೀನಿ."

"ಮೂರು ಬಿಚ್ಚಾಯ್ತು ದೊಡ್ಡಪ್ಪ. ಒಂದೇ ಉಳಿದಿರೋದು."

"ಮೂರೂ ಹಾಕು. ಬಿಗಿ ನೋಡಿ ಹಾಕು."

ದೊಡ್ಡಮ್ಮ ಏನೋ ಕೇಳಿದರು, ದೊಡ್ಡಪ್ಪ ಏನೋ ಹೇಳಿದರು, ಎರಡೂ ನನಗೆ ಕೇಳಿಸಲಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೇ ನಿಂತಿದ್ದೆ. ಅವರು ಮತ್ತೆ ಬಂದು ಎತ್ತಿಕೊಳ್ಳಲಿಲ್ಲ.