ನೀರು ಕೇಳಿದ ಮೇಷ್ಟ್ರು

ನಮ್ಮ ಪಿ.ಟಿ. ಮೇಷ್ಟ್ರ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಎಂದೋ ಹಗ್ಗಕ್ಕೆ ಸಿಕ್ಕಿ ಮುರಿದದ್ದು ಹಾಗೇ ಸೆಟೆದು ಕೂತಿತ್ತು. ಬಂಡೆ ಹತ್ತುವವರ ಹಗ್ಗವನ್ನು ಬುಡದಲ್ಲಿ ನಿಂತು ಬಿಗಿಹಿಡಿದಾಗಲೂ ಆ ಬೆರಳೊಂದು, ‘ಒಂದಕ್ಕೆ’ ಹೋಗಲು ಅಪ್ಪಣೆ ಕೇಳುವ ಹುಡುಗನ ಬೆರಳಿನಂತೆ ನೆಟ್ಟಗೆ ನಿಂತಿರುತ್ತಿತ್ತು. ನಾವು ನಕ್ಕರೆ, “ನಗ್ರಿ ನಗ್ರಿ, ಬಂಡೆ ಮ್ಯಾಕೋದ್ಮೇಲೆ ನಿಮ್ ಮಕ ನೋಡ್ತೀನಿ” ಅನ್ನುತ್ತಿದ್ದರು.

ನಾನು ಕಿರಂಗೂರಿನವಳು. ಪಾಂಡವಪುರದ ಹೈಸ್ಕೂಲಿನಲ್ಲಿ ಅವರ ಕೈಗೆ ಸಿಕ್ಕಿದೆ. ಭಾನುವಾರ ನಮ್ಮನ್ನು ಕುಂತಿಬೆಟ್ಟದ ಬಂಡೆಗಳಿಗೆ ಕರೆದೊಯ್ಯುತ್ತಿದ್ದರು. ಹೆಣ್ಣುಮಕ್ಕಳಿಗೆ ಯಾಕೆ ಬಂಡೆ ಎಂದು ನಮ್ಮಪ್ಪ ಜಗಳಕ್ಕೆ ಹೋದರೆ, ಅಪ್ಪನ ಸೊಂಟಕ್ಕೇ ಬೆಲ್ಟು ಕಟ್ಟಿ, ಆಳೆತ್ತರ ಹತ್ತಿಸಿ ಇಳಿಸಿ ಕಳಿಸಿದ್ದರು. ಮುಂದಿನ ಭಾನುವಾರ ಅಪ್ಪನೇ ನನ್ನನ್ನು ಎಬ್ಬಿಸಿ ಕಳಿಸಿದ.

ಹತ್ತುವುದಕ್ಕಿಂತ ಹೆಚ್ಚಾಗಿ ಅವರು ಕಲಿಸಿದ್ದು ಬಿದ್ದವರನ್ನು ನೋಡಿಕೊಳ್ಳುವುದನ್ನು. ನಮ್ಮ ಕಡೆ ಯಾರು ಬಿದ್ದರೂ ಜನ ಮುತ್ತಿ ಎತ್ತಿ ಕೂರಿಸುತ್ತಾರೆ, ಬಾಯಿಗೆ ನೀರು ಹುಯ್ಯುತ್ತಾರೆ. ಮೇಷ್ಟ್ರ ತಮ್ಮ ತೆಂಗಿನಮರದಿಂದ ಬಿದ್ದಾಗಲೂ ಹಾಗೇ ಆಗಿತ್ತಂತೆ. ಪ್ರಜ್ಞೆಯಿಲ್ಲದವನ ಬಾಯಿಗೆ ಚೊಂಬು ಬಗ್ಗಿಸಿದ್ದು ಇವರೇ. ನೀರು ಶ್ವಾಸಕ್ಕೆ ಹೋಯಿತು. “ಪ್ರೀತೀಲೇ ಕೊಂದ್ಬುಟ್ಟೆ ಕಣವ್ವ” ಎಂದು ಒಮ್ಮೆ ಹೇಳಿದರು.

ಅದಕ್ಕೇ ಅವರದೊಂದು ಪರೀಕ್ಷೆ. ಇದ್ದಕ್ಕಿದ್ದಂತೆ ಬಂಡೆ ಬುಡದಲ್ಲಿ ಅಂಗಾತ ಬಿದ್ದು ನರಳುವರು. ನಾವು ತಲೆ ಅಲುಗದಂತೆ ಹಿಡಿಯಬೇಕು, ಆಂಬುಲೆನ್ಸಿಗೆ ಹೇಳಬೇಕು. ಅಷ್ಟರಲ್ಲಿ ಶುರು: “ಒಂದ್ ಗುಟ್ಕು ನೀರ್ ಕೊಡ್ರವ್ವಾ, ನಿಮ್ ದಮ್ಮಯ್ಯ.” ಯಾವ ನಾಟಕದ ಕಂಪನಿಯೂ ಅವರನ್ನು ಬಿಡುತ್ತಿರಲಿಲ್ಲ. ಯಾರಾದರೂ ಮನಸ್ಸು ಕರಗಿ ಬಾಟಲಿ ತಂದರೋ, ಎದ್ದು ಕೂತು, “ಲೇ, ಕೊಂದ್ಬುಟ್ಟೆ ಕಣ್ಲಾ ನನ್ನ! ಒಟ್ಟೆ ಒಳಗೆ ಏನ್ ಒಡ್ದದೆ ಅಂತ ನಿಂಗೊತ್ತಾ? ತುಟಿ ಒದ್ದೆ ಮಾಡು, ಅಷ್ಟೇಯ” ಎಂದು ಗದರುವರು.

ಡಿಗ್ರಿ ಮುಗಿಸಿದ ಮೇಲೂ ನಾನು ಭಾನುವಾರ ಅವರ ಜೊತೆ ಹೋಗುತ್ತಿದ್ದೆ. ಹೋದ ವರ್ಷ ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ, ಹಗ್ಗ ಕಟ್ಟಲು ಮೇಲೆ ಹೋದ ಮೇಷ್ಟ್ರ ಕಾಲಡಿಯ ಕಲ್ಲು ಜಾರಿತು. ನಮ್ಮೆದುರೇ ಬಂದು ಬಿದ್ದರು. ಹಿಂದೆ ನಿಂತಿದ್ದ ಮಕ್ಕಳು ಪರೀಕ್ಷೆ ಶುರುವಾಯಿತೆಂದು ನಕ್ಕರು. ಆ ನಗು ನನಗಿನ್ನೂ ಕೇಳುತ್ತದೆ.

ತಲೆ ಹಿಡಿಯಲು ಒಬ್ಬಳನ್ನು ಕೂರಿಸಿ, ಆಂಬುಲೆನ್ಸಿಗೆ ಹೇಳಿ, ಹೊಟ್ಟೆ ಮುಟ್ಟಿ ನೋಡಿದೆ. ಕಲ್ಲಿನಂತೆ ಬಿಗಿದಿತ್ತು, ಒಳಗೆ ಏನೋ ಒಡೆದಿತ್ತು. “ನೀರ್ ಕೊಡವ್ವಾ” ಅಂದರು. ಪರೀಕ್ಷೆಯ ದಿನದ ಅದೇ ಮಾತು, ಅದೇ ದನಿ. ದನ ಮೇಯಿಸುತ್ತಿದ್ದ ಹೆಂಗಸೊಬ್ಬಳು ಓಡಿಬಂದು ಬಾಟಲಿ ಚಾಚಿದಳು. “ಓಗೋ ಜೀವ ಕಣವ್ವ, ಬಾಯ್ಗೆ ನೀರ್ ಬುಡು. ಇಲ್ದಿದ್ರೆ ನಿಂಗೆ ಪಾಪ ಸುತ್ಕೊತದೆ.”

“ಬ್ಯಾಡ, ಉಳ್ಕೊತಾರೆ” ಎಂದು ಅವಳ ಕೈ ತಡೆದೆ. ದುಪಟ್ಟಾದ ತುದಿ ಅದ್ದಿ ತುಟಿಗೆ ಒತ್ತಿದೆ. ಅವರು ಅದನ್ನು ಹಲ್ಲಲ್ಲಿ ಕಚ್ಚಿ ಚೀಪತೊಡಗಿದರು. ನಾನು ಎಳೆದುಕೊಂಡೆ. ಆಂಬುಲೆನ್ಸು ಮಂಡ್ಯ ಮುಟ್ಟುವ ಮೊದಲೇ ಹೋಗಿಬಿಟ್ಟರು.

ನೀನು ಮಾಡಿದ್ದೇ ಸರಿ ಎಂದರು ಡಾಕ್ಟರು. ಆ ಸರಿಯನ್ನು ಇಟ್ಟುಕೊಂಡು ನಾನೇನು ಮಾಡಲಿ? ಈಗ ಮಕ್ಕಳಿಗೆ ಎಲ್ಲವನ್ನೂ ನಾನೇ ಕಲಿಸುತ್ತೇನೆ, ಬಿದ್ದಂತೆ ನಟಿಸುವುದೊಂದನ್ನು ಬಿಟ್ಟು. ಬಾಯಾರಿ ಲೋಟ ಎತ್ತಿದರೆ ಬೆರಳಿನ ತುದಿಯಲ್ಲಿ ಆ ಬಟ್ಟೆಯ ಜಗ್ಗಾಟ ಗೊತ್ತಾಗುತ್ತದೆ. ಎಷ್ಟೋ ಸಲ ಕುಡಿಯದೆ ಕೆಳಗಿಟ್ಟಿದ್ದೇನೆ.

ತಿಥಿಯ ದಿನ ಅವರ ಮನೆಯಲ್ಲಿ ಎಲ್ಲರ ಹಿಂದೆ, ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಬೆಟ್ಟದಲ್ಲಿ ನಡೆದದ್ದನ್ನೆಲ್ಲ ಯಾರೋ ಅವರ ಹೆಂಡತಿಗೆ ಹೇಳಿಬಿಟ್ಟಿದ್ದರು. ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಬಡಿಸಿದ ಆಕೆ ತಲೆಯೆತ್ತಿ ನನ್ನನ್ನು ಹತ್ತಿರ ಕರೆದರು. ಬೈಯಲಿ, ನಾಲ್ಕು ಜನರ ಮುಂದೆಯೇ ಬೈದುಬಿಡಲಿ ಅಂದುಕೊಂಡೇ ಹೋದೆ. ಆಕೆ ಎಡೆಯ ಪಕ್ಕದ ಖಾಲಿ ಲೋಟವನ್ನು ನನ್ನ ಕೈಗಿತ್ತರು.

“ತುಂಬ್ಸಿಡವ್ವಾ” ಅಂದರು. “ಈಗ ಕುಡುದ್ರೆ ಅವ್ರಿಗೇನೂ ಆಗಾಕಿಲ್ಲ.”